ಈಗ ಓದುತ್ತಿರುವುದು: ಬೆನ್ನುಡಿ

ಪುಸ್ತಕ ಓದುವುದಕ್ಕೆ ಏನು ಮಹಾ, ಕನ್ನಡಕ, ಬೆಳಕು, ಒಂದಿಷ್ಟು ಹೊತ್ತು ಇದ್ದರಾಯಿತು. 'ಈಗ ಓದುತ್ತಿರುವೆ' ಎಂದು ಊರಿಗೆಲ್ಲ ತಿಳಿಸುವುದಿದೆಯಲ್ಲ, ಅದಕ್ಕೆ ತಯಾರಿ ಬೇಕು. ಇದು ಗೊತ್ತಿಲ್ಲದ ಪಾಪದವರು ಪುಸ್ತಕ ತಂದವರೇ ಸೀದಾ ಓದಲು ಕೂತುಬಿಡುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು.

ಮೊದಲು ಫೋಟೋ. ಬೆಳಗ್ಗೆ ಏಳರಿಂದ ಎಂಟರೊಳಗೆ, ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಆರಿಸಿಕೊಂಡು. ಹೊಳೆಯುವ ಲ್ಯಾಮಿನೇಶನ್ನಿನ ಮುಖಪುಟವಾದರೆ ಟ್ಯೂಬ್‌ಲೈಟು ಸರಿಯಾಗಿ ಲೇಖಕರ ಹೆಸರಿನ ಮೇಲೇ ಬಿಳಿ ಪಟ್ಟಿ ಎಳೆಯುತ್ತದೆ. ಆ ಲೇಖಕರು ನಿಮ್ಮ ಸ್ನೇಹಿತರ ಪಟ್ಟಿಯಲ್ಲಿದ್ದರೆ ಮುನಿಸು ಖಚಿತ. ಪಕ್ಕದಲ್ಲಿ ಕಾಫಿ, ಸ್ಟೀಲ್ ಲೋಟದಲ್ಲೇ. ಆರಿದ್ದರೂ ಪರವಾಗಿಲ್ಲ, ನೊರೆ ಇರಬೇಕು. ಲೋಟ ಪುಸ್ತಕದಿಂದ ಒಂದು ಗೇಣು ದೂರವಿರಲಿ. ತಳದಲ್ಲಿ ಚೆಲ್ಲಿದ್ದು ಮುಖಪುಟದ ಮೇಲೆ ಉಂಗುರ ಬಿಟ್ಟರೆ, ಆ ಪ್ರತಿಯನ್ನು ಮುಂದೆ ಯಾರ ಗೃಹಪ್ರವೇಶಕ್ಕೂ ಕೊಡಲು ಬರುವುದಿಲ್ಲ. ಪುಸ್ತಕ ಎದೆಗೊತ್ತಿಕೊಂಡು ಸೆಲ್ಫಿ ತೆಗೆಯುವವರು ಫೋನಿನ ಮಿರರ್ ಆಯ್ಕೆಯನ್ನು ತಪ್ಪದೆ ಆಫ್ ಮಾಡಿಕೊಳ್ಳಬೇಕು. ಇಲ್ಲವಾದರೆ ಶೀರ್ಷಿಕೆ ತಿರುಗಾಮುರುಗಾ ಬರುತ್ತದೆ. ಅದನ್ನು ಗಮನಿಸದೆ ಹಾಕಿದವರು ಪುಸ್ತಕದೊಳಗೆ ಏನೇನು ಗಮನಿಸಿದ್ದಾರು ಎಂದು ಕುಹಕಿಗಳು ಕೇಳದೇ ಬಿಡುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಪೀಡೆ. ಮುಖಪುಟದ 300 ಜಿಎಸ್‌ಎಂ ಆರ್ಟ್ ಬೋರ್ಡಿಗೆ ಲ್ಯಾಮಿನೇಶನ್ ಹೊರಮೈಗೆ ಮಾತ್ರ, ಒಳಮೈ ಬರಿಮೈ. ಆಷಾಢದ ತೇವ ಹೀರಿ ಒಳಮೈ ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಜಗ್ಗುವುದಿಲ್ಲ. ಹೀಗಾಗಿ ಮುಖಪುಟ ಹೊರಕ್ಕೆ ಬಾಗಿ, ಮೇಜಿನ ಮೇಲೆ ಪುಸ್ತಕ ತಾನಾಗಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. 'ಓದು' ಎಂದು ಅಂಗಲಾಚುತ್ತಿದೆಯೆಂದು ಮೋಸಹೋಗಬೇಡಿ. ರಾತ್ರಿ ಅಕ್ಕಿ ಡಬ್ಬದ ಕೆಳಗೆ ಇಟ್ಟರೆ ಬೆಳಗಿನ ಫೋಟೋ ಹೊತ್ತಿಗೆ ಸಪಾಟಾಗುತ್ತದೆ. ಮಧ್ಯಾಹ್ನಕ್ಕೆ ಮತ್ತೆ ಬಾಯಿ ತೆರೆದರೆ ತೆರೆಯಲಿ ಬಿಡಿ, ಅಷ್ಟೊತ್ತಿಗೆ ಲೈಕು ಬಂದಿರುತ್ತವೆ.

ಬುಕ್‌ಮಾರ್ಕನ್ನು ಒಟ್ಟು ಪುಟಗಳ ಮೂರನೇ ಒಂದು ಭಾಗಕ್ಕೆ ಇಡುವುದು ವಾಡಿಕೆ. 192 ಪುಟದ್ದಕ್ಕೆ 64ರ ಹತ್ತಿರ. ಅದಕ್ಕಿಂತ ಹಿಂದಿದ್ದರೆ ಈಗಷ್ಟೇ ಶುರು ಮಾಡಿದಂತೆ, ಮುಂದಿದ್ದರೆ 'ಕೊನೆ ಹೇಗಿದೆ?' ಎಂದು ಯಾರಾದರೂ ಕೇಳುವ ಅಪಾಯ. ಬಸ್ ಟಿಕೆಟ್ ಇಟ್ಟರೆ ಜನಸಾಮಾನ್ಯರ ಜತೆ ಓಡಾಡಿದ ಕಳೆ ಬರುತ್ತದೆ ನಿಜ, ಆದರೆ ಕಂಡಕ್ಟರರ ಮೆಶಿನ್ನಿನದು ಥರ್ಮಲ್ ಕಾಗದ. ಕೆಲವೇ ತಿಂಗಳಲ್ಲಿ ಅಚ್ಚು ಮಾಸಿ ಬಿಳಿ ಚೀಟಿಯಾಗುತ್ತದೆ, ಮುಂದಿನ ವರ್ಷ ಇದೇ ಪುಸ್ತಕದ ಫೋಟೋಗೆ ಹೊಸ ಟಿಕೆಟ್ ಬೇಕು. ನವಿಲುಗರಿ ಮರಿ ಹಾಕುತ್ತದೆಂದು ಕಾದ ಮಕ್ಕಳಾದರೂ ದಿನಕ್ಕೊಂದು ಸಲ ಪುಸ್ತಕ ತೆರೆದು ನೋಡುತ್ತಿದ್ದರು.

ಪಳಗಿದ ಕಣ್ಣು ಮೊದಲು ನೋಡುವುದು ಪುಸ್ತಕದ ಬೆನ್ನನ್ನು. ಪರ್ಫೆಕ್ಟ್ ಬೈಂಡಿಂಗಿನ, ಅಂದರೆ ಬೆನ್ನಿಗೆ ಅಂಟು ಹಾಕಿ ಕೂಡಿಸಿದ ಪುಸ್ತಕ ನಿಜವಾಗಿ ಓದಿಸಿಕೊಂಡಿದ್ದರೆ ಬೆನ್ನ ಮೇಲೆ ಉದ್ದುದ್ದ ಗೆರೆ ಮೂಡಿರುತ್ತವೆ. ನುಣ್ಣಗಿದ್ದರೆ ಗುಟ್ಟು ರಟ್ಟು. ಅದಕ್ಕೇ ಮೂರು ನಾಲ್ಕು ಕಡೆ ಬಿಡಿಸಿ ಹೆಬ್ಬೆರಳಿನಿಂದ ಒತ್ತಬೇಕು. ಮೆಲ್ಲಗೆ! ಅಂಟು ಅಗ್ಗದ್ದಾದರೆ ಒಂದೇ ಒತ್ತಿಗೆ ಪಟ್ಟನೆ ಬಿರಿದು ಹಾಳೆಗಳು ಗೊಂಚಲಾಗಿ ಕೈಗೆ ಬರುತ್ತವೆ.

ಇನ್ನು ಶಿಫಾರಸು. ಬೆನ್ನುಡಿಯಿಂದ ಎರಡು ಸಾಲು, ಮುನ್ನುಡಿಯ ಕೊನೆಯ ಪ್ಯಾರಾದಿಂದ ಒಂದು ಸಾಲು, ಮೇಲೆ 'ಕಾಡುವ', 'ಮಣ್ಣಿನ ವಾಸನೆಯ', 'ಓದಲೇಬೇಕಾದ' ಈ ಮೂರರ ಒಗ್ಗರಣೆ. 'ಒಂದೇ ಗುಕ್ಕಿಗೆ ಓದಿಸಿಕೊಂಡಿತು' ಎನ್ನುವ ಮುಂಚೆ ಮಾತ್ರ ಪುಟ ಎಣಿಸಿ. ಪುಟಕ್ಕೆ ಒಂದೂವರೆ ನಿಮಿಷ ಹಿಡಿದರೂ 640 ಪುಟಕ್ಕೆ 16 ಗಂಟೆ. ಆ ದಿನವೇ ನೀವು ಎರಡು ಮದುವೆ, ಒಂದು ನಾಮಕರಣದ ಫೋಟೋ ಹಾಕಿರಬಾರದು.

ಕ್ಲಾಸಿಕ್ಕುಗಳಲ್ಲಿ ಅಪಾಯ ಹೆಚ್ಚು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಎಲ್ಲರೂ ಎತ್ತಿ ಹೇಳುವ ಮಾತು ಕಥೆ ಶುರುವಾಗುವ ಮುಂಚೆಯೇ ಅಚ್ಚಾಗಿದೆ. ಹೊಸ್ತಿಲಲ್ಲೇ ಸಿಕ್ಕಿದ ಪ್ರಸಾದ ಕಣ್ಣಿಗೊತ್ತಿಕೊಂಡು ಅಲ್ಲಿಂದಲೇ ವಾಪಸಾದ ಭಕ್ತರು ಬಹಳ. ಅಂಥವರನ್ನು 'ಹುಲಿಯ ನಿಮಗೆ ಹೇಗನ್ನಿಸಿತು?' ಎಂದು ಕೇಳಿ. 'ಮಲೆನಾಡು ಅಂದಮೇಲೆ ಹುಲಿ ಇರೋದೇ' ಎಂದರೆ ಮಾತು ಅಲ್ಲಿಗೆ ನಿಲ್ಲಿಸಿ ಕಾಫಿ ಕುಡಿದು ಬನ್ನಿ. ಹುಲಿಯ ನಾಯಿಗುತ್ತಿಯ ನಾಯಿ.

ಪ್ರಶಸ್ತಿ ಬಂದ ಬೆಳಗ್ಗೆ ಅವಸರ ಇನ್ನೂ ಜಾಸ್ತಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅಂಥ ಹೊತ್ತಿನಲ್ಲಿ ಇಷ್ಟಾದರೂ ನೆನಪಿರಲಿ: ಅದು 12 ಕಥೆಗಳ ಸಂಕಲನ. 'ಕಾದಂಬರಿ ಕಣ್ಣು ತೇವ ಮಾಡಿತು' ಎಂದು ಬರೆಯಬಾರದು. ಅನುವಾದಿಸಿದವರು ದೀಪಾ ಭಾಸ್ತಿ. ಪ್ರಶಸ್ತಿಯ ಹಣದಲ್ಲಿ ಅರ್ಧ ಅವರಿಗೆ ಹೋಗುತ್ತದೆ, ನಿಮ್ಮ ಅಭಿನಂದನೆಯಲ್ಲಿ ಕಾಲುಭಾಗವಾದರೂ ಹೋಗಲಿ.

ಯಾವ ಪುಸ್ತಕವನ್ನು ಶಿಫಾರಸು ಮಾಡಬೇಕು ಎಂಬುದು ದಡ್ಡರ ಪ್ರಶ್ನೆ. ಯಾರ ಪುಸ್ತಕವನ್ನು ಎಂದು ಕೇಳಬೇಕು. ಇದು ಮದುವೆಮನೆಯ ಮುಯ್ಯಿ ಲೆಕ್ಕ. ಅವರು ನಿಮ್ಮ ಕವನ ಸಂಕಲನಕ್ಕೆ ಐದು ಸಾಲು ಬರೆದಿದ್ದರೆ ನೀವು ಅವರ ಕಾದಂಬರಿಗೆ ಆರು ಸಾಲು ಹಾಕಬೇಕು. ಅವರು ಬರೀ ಹೂವಿನ ಚಿತ್ರ ಒತ್ತಿದ್ದರೆ ನೀವೂ ಹೂವು, ಹೆಚ್ಚೆಂದರೆ ಕೈಮುಗಿದ ಚಿತ್ರ. ಹಾಗೆ ನೋಡಿದರೆ ಮನೆಮಂದಿಯೆಲ್ಲ ಸೇರಿ ಮೊದಲಿನಿಂದ ಕೊನೆಯ ಪುಟದವರೆಗೆ, ಅಡಿಗೆರೆ ಎಳೆದು ಓದುವ ಪುಸ್ತಕ ನಮ್ಮಲ್ಲಿ ಇರುವುದು ಅದೊಂದೇ, ಮುಯ್ಯಿ ಪುಸ್ತಕ. ಇತ್ತ, ಎಷ್ಟೋ ಕನ್ನಡ ಪುಸ್ತಕಗಳ ಮೊದಲ ಮುದ್ರಣ ಈಗ 500 ಪ್ರತಿ, ಕೆಲವಕ್ಕೆ 300. ಎರಡು ಸಾವಿರ ಜನ 'ಓದಲೇಬೇಕು' ಎಂದ ಮೇಲೂ ಆ ಮುನ್ನೂರು ಪ್ರಕಾಶಕರ ಮಂಚದ ಕೆಳಗೆ ಹೇಗೆ ಉಳಿಯುತ್ತವೆ ಎಂಬ ಗಣಿತಕ್ಕೆ ಇನ್ನೂ ಯಾರೂ ಪಿಎಚ್.ಡಿ. ಕೊಟ್ಟಂತಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೈಕೊಡುವುದು ಒಂದೇ ಕಡೆ, ಬೈಂಡರ್ ಹತ್ತಿರ. ಪುಸ್ತಕ ಅಚ್ಚಾಗುವುದು 16 ಪುಟದ ಫಾರಂಗಳಲ್ಲಿ. ಜೋಡಿಸುವ ಕೈ ತಪ್ಪಿದರೆ ನಾಲ್ಕನೇ ಫಾರಂ ಎರಡು ಸಲ ಬಿದ್ದು ಐದನೆಯದು ಬಿಟ್ಟುಹೋಗುತ್ತದೆ. ಅಂಥ ಪ್ರತಿಗಳೂ ಫೋಟೋದಲ್ಲಿ ಚೆನ್ನಾಗಿಯೇ ಬರುತ್ತವೆ. ಹಾಗೆಂದೇ, ನಿಮ್ಮ ಮಾತು ನಂಬಿ ದುಡ್ಡು ಕೊಟ್ಟು ಕೊಂಡ ಯಾವನೋ ಹುಡುಗ ಒಂದು ರಾತ್ರಿ ಮೆಸೇಜು ಕಳಿಸುತ್ತಾನೆ: 'ಸರ್, 64 ಆದಮೇಲೆ ಮತ್ತೆ 49ರಿಂದ ಶುರುವಾಗುತ್ತೆ, ಆಮೇಲೆ ಸೀದಾ 81. ನಿಮ್ಮ ಪ್ರತಿಯಲ್ಲೂ ಹಾಗೇ ಇದೆಯಾ?'

ಗಾಬರಿ ಬೇಡ. ಇದಕ್ಕೂ ಸಿದ್ಧ ಉತ್ತರವಿದೆ. 'ಆ ಮರುಕಳಿಕೆಯಲ್ಲೇ ಕೃತಿಯ ಶಕ್ತಿ ಇರುವುದು. ಇನ್ನೊಮ್ಮೆ ಓದಿ ನೋಡಿ' ಎಂದು ಬರೆದು, ಅದನ್ನೇ ಎಲ್ಲರಿಗೂ ಕಾಣುವಂತೆ ಹಾಕಿ. ಹತ್ತು ನಿಮಿಷದೊಳಗೆ ನಾಲ್ಕು ಜನ ಬಂದು ಹೇಳುತ್ತಾರೆ, ಆ ಮರುಕಳಿಕೆ ತಮ್ಮನ್ನೂ ಬಹಳ ಕಾಡಿತೆಂದು.