ದೃಷ್ಟಿ ತೆಗೆಯುವಾಗ ಸಂಸ್ಕೃತ ಯಾರು ಕೇಳ್ತಾರೆ?

'ಮಂತ್ರ ಸಂಸ್ಕೃತದಲ್ಲಿದ್ದರೆ ಮಾತ್ರ ಫಲ, ಕನ್ನಡದ ಪೂಜೆ ಸುಮ್ನೆ ಭಾಷಣ' ಅಂತ ಪೂಜೆಯ ಭಾಷೆ ಬಗ್ಗೆ ಬಂದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪೋದು ಕಷ್ಟ. ಚಿಕ್ಕಮಗಳೂರು ಪಕ್ಕದ ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ ಕಣ್ಣನ್ ಅವರು ಕನ್ನಡದಲ್ಲೇ ಅರ್ಚನೆ ಮಾಡಿ ಹೆಸರಾದವರು. ರಾಮ ಮುನಿಸಿಕೊಂಡ ಸುದ್ದಿ ಇಲ್ಲ.

ಅದಿರಲಿ, ಮನೆಯೊಳಗೆ ಬನ್ನಿ. ಮಗು ಹಾಲು ಕುಡಿಯದೆ ರಚ್ಚೆ ಹಿಡಿದರೆ ನಮ್ಮಜ್ಜಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿವಾಳಿಸುತ್ತಿದ್ದರು. 'ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು' ಅಂತ ಹೇಳಿ ಎಲ್ಲಾ ಒಲೆಗೆ ಹಾಕೋರು. ಘಾಟು ಬರದಿದ್ದರೆ 'ನೋಡು, ಎಷ್ಟು ದೃಷ್ಟಿಯಾಗಿತ್ತು!' ಅನ್ನೋರು. ಇದೂ ಮಂತ್ರವೇ ಅಲ್ವಾ? ಕರಾವಳಿಯ ಭೂತಾರಾಧನೆಯ ಕೋಲದಲ್ಲಿ ದೈವ ತುಳುವಿನಲ್ಲಿ ನುಡಿ ಕೊಡುತ್ತದೆ. ಜನ ಜಮೀನಿನ ಜಗಳ ಹೇಳಿಕೊಂಡು ಉತ್ತರ ಕೇಳುತ್ತಾರೆ. ಅರ್ಥವಾಗದ ಭಾಷೆಯಲ್ಲಿ ಆ ಮಾತುಕತೆ ನಡೆಯುತ್ತಾ?

ಒಂದು ವಿಷಯದಲ್ಲಿ ಲೇಖಕರ ಪರ ಇದ್ದೇನೆ. ವೇದಮಂತ್ರಕ್ಕೆ ಸ್ವರ ಜೀವಾಳ. ಉದಾತ್ತ, ಅನುದಾತ್ತ, ಸ್ವರಿತ ಅನ್ನೋ ದನಿಯ ಏರಿಳಿತ ತಪ್ಪುವ ಹಾಗಿಲ್ಲ. ಶಿವನ ಪೂಜೆಯಲ್ಲಿ ಹೇಳುವ ರುದ್ರಮಂತ್ರವನ್ನು ಕನ್ನಡಕ್ಕೆ ತಂದರೆ ಅದೆಲ್ಲಾ ಉಳಿಯಲ್ಲ, ಅದು ಇದ್ದ ಹಾಗೇ ಇರಲಿ. ಆದರೆ ಸಪ್ತಪದಿಯ ಏಳು ಹೆಜ್ಜೆಗೆ ಏನು ಮಾತು ಕೊಡುತ್ತಿದ್ದೇವೆ ಅಂತ ಗಂಡು ಹೆಣ್ಣಿಗೆ ತಿಳಿಯಬೇಡವೇ? ಪುರೋಹಿತರು ಅದನ್ನು ಕನ್ನಡದಲ್ಲೂ ಹೇಳಲಿ. ಹತ್ತು ನಿಮಿಷ ಜಾಸ್ತಿಯಾದರೆ ಊಟದ ಸಾಲು ಕಾಯುತ್ತೆ ಬಿಡಿ.