ಏಳು ಕ್ವಿಂಟಲ್ ತೊಗರಿಯ ವಾಚು

ಕಲಬುರಗಿಯಲ್ಲಿ ಹೊಸದೇನಾದರೂ ತಂದರೆ ಜನ ಚೆನ್ನಾಗಿದೆಯಾ ಎಂದು ಕೇಳುವುದಿಲ್ಲ. "ಎಷ್ಟಕ್ಕ ಬಂತ್ರಿ?" ಎನ್ನುತ್ತಾರೆ. ಚಪ್ಪಲಿಯಾಗಲಿ, ಫ್ರಿಜ್ಜಾಗಲಿ, ಅಳಿಯನಾಗಲಿ, ಮೊದಲ ಪ್ರಶ್ನೆ ಇದೇ. ನೀವು ಎಷ್ಟು ಹೇಳಿದರೂ ಎರಡನೇ ಮಾತು "ಹೆಚ್ಚಾತು". ಇದರಲ್ಲಿ ಹೊಟ್ಟೆಕಿಚ್ಚೇನೂ ಇಲ್ಲ. ನಮ್ಮವರಿಗೆ ಅಂಗಡಿಯವನು ಟೋಪಿ ಹಾಕಬಾರದಿತ್ತು ಎಂಬ ಕಳಕಳಿ ಅಷ್ಟೇ.

ನನ್ನ ವಾಚಿನ ವಿಷಯದಲ್ಲಿ ಮಾತ್ರ ಈ ಪದ್ಧತಿ ನಡೆಯಲಿಲ್ಲ. "ಐವತ್ತಾರು ಸಾವಿರ" ಎಂದೆ. ಇಡೀ ಸೆಕ್ಷನ್ ನಕ್ಕಿತು. ಹೆಚ್ಚಾತು ಎನ್ನುವ ಮರ್ಯಾದೆಯನ್ನೂ ಯಾರೂ ಕೊಡಲಿಲ್ಲ. "ಸುಮ್ನಿರ್ರಿ ಸರ್, ಹೈದ್ರಾಬಾದ್ ಮಾಲ್ ಅದು. ಐನೂರಕ್ಕ ಬರ್ತದ" ಎಂದು ರೆಕಾರ್ಡ್ ರೂಮಿನವರು ತೀರ್ಪು ಕೊಟ್ಟರು. ಬಿಲ್ಲು ತೋರಿಸುತ್ತೇನೆ ಎಂದರೆ, "ಮೆಲ್ಲಗ ಮಾತಾಡ್ರಿ, ಲೋಕಾಯುಕ್ತದವ್ರು ಕೇಳಿಗೀಳ್ಯಾರು" ಎಂದು ಇನ್ನೊಬ್ಬರು ಕಣ್ಣು ಹೊಡೆದರು. ನಾನು ದ್ವಿತೀಯ ದರ್ಜೆ ಸಹಾಯಕ. ಸ್ವಿಟ್ಜರ್‌ಲ್ಯಾಂಡಿನ ವಾಚು ನನ್ನ ಕೈಗೆ ಬರಬೇಕಾದರೆ ಒಂದೋ ಅದು ಖೊಟ್ಟಿ ಇರಬೇಕು, ಇಲ್ಲವೇ ನಾನು. ಇಷ್ಟು ಸರಳ ಲೆಕ್ಕ.

ದುಡ್ಡು ಎಲ್ಲಿಂದ ಬಂತು ಎಂಬುದರಲ್ಲಿ ಗುಟ್ಟೇನಿಲ್ಲ. ಸ್ವಲ್ಪ ಚೀಟಿ ಎತ್ತಿದ್ದು, ಸ್ವಲ್ಪ ಡಿಎ ಬಾಕಿ, ಉಳಿದದ್ದು ಕಾರ್ಡಿನ ನೋ ಕಾಸ್ಟ್ ಇಎಂಐ. ಈ ನೋ ಕಾಸ್ಟ್ ಎಂಬ ಹೆಸರಿಟ್ಟ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂದಿದೆ. ಬಡ್ಡಿ ಎಷ್ಟಾಗುತ್ತದೋ ಅಷ್ಟನ್ನು ಅಂಗಡಿಯವರು ಮೊದಲೇ ಬೆಲೆಯಲ್ಲಿ ಕಳೆಯುತ್ತಾರೆ. ಆಮೇಲೆ ಬ್ಯಾಂಕು ಅದೇ ಬಡ್ಡಿ ಹಾಕುತ್ತದೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಮೇಲೊಂದು ಪ್ರೊಸೆಸಿಂಗ್ ಫೀ. ವಾಚಿನ ಮೇಲೆ ಹೇಗೂ ಶೇ 18 ಜಿಎಸ್‌ಟಿ ಇದ್ದೇ ಇದೆ. ಕಾಸ್ಟ್ ಇಲ್ಲದ್ದು ಯಾರಿಗೆ ಎಂದು ನನಗಿನ್ನೂ ಗೊತ್ತಾಗಿಲ್ಲ.

ಹೈದರಾಬಾದಿನ ಎಸಿ ಶೋರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಹುಡುಗಿ ಕೈಗೆ ಗ್ಲೌಸ್ ಹಾಕಿಕೊಂಡು ವಾಚು ಎತ್ತಿದಳು. ನನ್ನ ಮಣಿಕಟ್ಟು ಸಣ್ಣದು, ಚೈನಿನ ನಾಲ್ಕು ಕೊಂಡಿ ತೆಗೆಯಬೇಕಾಯಿತು. "ಅವು ನಾಕೂ ಇತ್ತ ಕೊಡ್ರಿ" ಎಂದು ಹೆಂಡತಿ ಕೌಂಟರಿನ ಮೇಲೆ ಕೈ ಚಾಚಿದಳು. ಅವರು ಹೇಗೂ ಕೊಡುವವರೇ ಇದ್ದರು. ಆದರೂ ಕೇಳಿ ಪಡೆದ ಸಮಾಧಾನವೇ ಬೇರೆ. ಅವೀಗ ನಮ್ಮ ಮನೆಯ ಲಾಕರಿನಲ್ಲಿ ಬಂಗಾರದ ಪಕ್ಕ ಇವೆ.

ಈ ಹುಚ್ಚು ಹಿಡಿದದ್ದು ಒಂದು ಮುಳ್ಳಿನಿಂದ. ಸೆಲ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದಂತೆ. ಅಷ್ಟೆಲ್ಲ ನಡುಗಿಯೂ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಎಂದು ಜಿಗಿಯುತ್ತದೆ ಅಷ್ಟೇ. ನನ್ನದು ಆಟೊಮ್ಯಾಟಿಕ್. ಸೆಲ್ ಇಲ್ಲ. ಕೈ ಆಡಿಸಿದಂತೆ ಒಳಗಿನ ಬಿಲ್ಲೆ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಹಾಗಾಗಿ ಮುಳ್ಳು ಜಿಗಿಯುವುದಿಲ್ಲ, ಜಾರುತ್ತದೆ. ಇದನ್ನು ಮೊಬೈಲಿನಲ್ಲಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಜಾ ಏನೆಂದರೆ, ಸರ್ಟಿಫಿಕೇಟ್ ಪಡೆದ ಸ್ವಿಸ್ ಕ್ರೋನೊಮೀಟರ್ ಕೂಡ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗಬಹುದು. ಅಡುಗೆ ಮನೆ ಗೋಡೆಯ ಇನ್ನೂರು ರೂಪಾಯಿ ಗಡಿಯಾರ ತಿಂಗಳಿಗೆ ಹದಿನೈದು ಸೆಕೆಂಡ್ ತಪ್ಪಿದರೆ ಹೆಚ್ಚು. ಟೈಮ್ ಸರಿ ಬೇಕೆಂದರೆ ಇನ್ನೂರು ಸಾಕು. ತಪ್ಪು ಟೈಮಿಗೆ ರೇಟು ಜಾಸ್ತಿ.

ಬೆಲೆ ನಂಬಿದವರು ಒಬ್ಬರೇ, ನನ್ನ ಮಾವ. ಆಳಂದ ಕಡೆಯ ರೈತರು. ಹೆಂಡತಿ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಳು. ಮನೆಗೆ ಬಂದವರು ಚಹಾ ಮುಗಿಸಿ, ವಾಚು ಕೈಗೆ ತಗೊಂಡು, ತೂಗಿ ನೋಡಿದರು. ಆಮೇಲೆ ಬೆರಳ ಗೆಣ್ಣಿನ ಮೇಲೆ ಲೆಕ್ಕ ಹಾಕಿದರು.

"ಕ್ವಿಂಟಲ್ಲಿಗಿ ಎಂಟು ಸಾವಿರ ಹಿಡದ್ರ ಏಳು ಕ್ವಿಂಟಲ್ ತೊಗರಿ ಆಯ್ತು, ಅಳಿಯಾ."

2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅವರ ಲೆಕ್ಕ ಚೊಕ್ಕವಾಗಿತ್ತು.

"ಬಜಾರ್ ರೇಟಿಗಿ ಹಿಡದ್ರ ಇನ್ನಾ ಜಾಸ್ತಿ ಆಗ್ತದ. ಎರಡು ಎಕರೆ ಹೊಲದ ಬೆಳಿ ಕೈಗಿ ಕಟ್ಕೊಂಡು ತಿರಗ್ಲಕತ್ತೀರಿ. ಬಸ್ಸಿನ್ಯಾಗ ಹುಷಾರ್ರಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅದೂ ಸ್ವಿಸ್ ವಾಚಿನ ಹಾಗೆ ಊರ ಹೆಸರಿನ ಮೇಲೆ ಮಾರುವ ಮಾಲೇ ಎಂದು ನಾನು ಏನೋ ಸಮಜಾಯಿಷಿ ಶುರು ಮಾಡಿದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅಂದಿನಿಂದ ಬೇಳೆ ಹುಳಿ ಬಡಿಸುವಾಗೆಲ್ಲ ನನ್ನ ಕಣ್ಣು ಮಣಿಕಟ್ಟಿಗೆ ಹೋಗುತ್ತದೆ.

ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಹೆದರಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಂದು ಶುಕ್ರವಾರ ಮನೆಗೆ ಬಂದು ಊಟಕ್ಕೆ ಕೂರುವ ಮುಂಚೆ ವಾಚು ಬಿಚ್ಚಿಟ್ಟೆ. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಆ ಬಿಸಿಲಿನಲ್ಲಿ ಸ್ಟೀಲ್ ಚೈನ್ ಕಟ್ಟಿಕೊಂಡು ಜಗತ್ ಸರ್ಕಲ್ ದಾಟಿದವರಿಗೆ ಗೊತ್ತು, ರಜೆಯಲ್ಲಿ ಅದನ್ನು ಮುಟ್ಟುವ ಮನಸ್ಸಾಗುವುದಿಲ್ಲ. ಇಂಥ ವಾಚು ಬಿಚ್ಚಿಟ್ಟರೆ ಹೆಚ್ಚೆಂದರೆ ನಲವತ್ತು ಗಂಟೆ ನಡೆಯುತ್ತದೆ. ಭಾನುವಾರ ಬೆಳಿಗ್ಗೆ 7.10ಕ್ಕೆ ಅದು ಮಲಗಿದೆ. ಸೋಮವಾರ ಕಟ್ಟಿಕೊಂಡ ಕೂಡಲೇ, ಏನೂ ಆಗಿಲ್ಲವೆಂಬಂತೆ, 7.10ರಿಂದ ಓಡತೊಡಗಿದೆ. ಮುಳ್ಳು ಜಾರುತ್ತಿದೆ, ಬೆಳಗೂ ಬೆಳಗೇ. ಅನುಮಾನ ಹೇಗೆ ಬರಬೇಕು? ಇನ್ನೂ ಟೈಮಿದೆ ಎಂದು ಇನ್ನೊಂದು ಪ್ಲೇಟ್ ಸುಸಲಾ ಹಾಕಿಸಿಕೊಂಡೆ. ಕಚೇರಿಯ ಬಯೊಮೆಟ್ರಿಕ್ ಮಷಿನ್ನಿಗೆ ಸ್ವಿಟ್ಜರ್‌ಲ್ಯಾಂಡ್ ಬಗ್ಗೆ ಯಾವ ಗೌರವವೂ ಇಲ್ಲ. "ಐವತ್ತಾರು ಸಾವಿರದ ವಾಚ್ ಏನಂತದ್ರಿ?" ಎಂದು ಸಾಹೇಬರು ಕೇಳಿದಾಗ ರೆಕಾರ್ಡ್ ರೂಮಿನವರು ಕೆಮ್ಮಿದರು.

ಅಂದಿನಿಂದ ರಜೆಯಲ್ಲಿ ವಾಚು ಅಲ್ಲಾಡಿಸುವ ಕೆಲಸ ಮಗನಿಗೆ. ತಾನಾಗಿಯೇ ತಿರುಗಿಸುವ ಡಬ್ಬಿಯೂ ಸಿಗುತ್ತದೆ, ಅದಕ್ಕೆ ಇನ್ನೊಂದು ಇಎಂಐ ಬೇಕು. ಅವ್ವ ಇದನ್ನೆಲ್ಲ ನೋಡಿ, "ಕೂಸಿಗಿ ತೂಗಿದಂಗ ತೂಗಬೇಕೇನೋ ಇದಕ್ಕ? ನಿಮ್ಮಪ್ಪಂದು ಮುಂಜಾನಿ ಚಾವಿ ಕೊಟ್ರ ಸಾಕಿತ್ತು" ಎಂದಳು. ಅಪ್ಪನದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುವಿಟ್ಟ ಕಂಪನಿ ಅದು. 2016ರಲ್ಲಿ ಸರ್ಕಾರ ಆ ವಾಚು ಕಂಪನಿಗೆ ಬಾಗಿಲು ಹಾಕಲು ತೀರ್ಮಾನಿಸಿತು. ಅಪ್ಪನ ವಾಚಿಗೆ ಆ ಸುದ್ದಿ ತಲುಪಿಲ್ಲ, ಇನ್ನೂ ನಡೆಯುತ್ತಿದೆ. ಅದರ ಬೆಲೆಯನ್ನು ಯಾರೂ ಕೇಳಿದವರಿಲ್ಲ.

ಇನ್ನು ನಮ್ಮ ಕಚೇರಿಗೆ ಬರುವ ಒಬ್ಬ ಗುತ್ತಿಗೆದಾರರ ಕಥೆ. ಬಿಳಿ ಕಾರು, ಬಿಳಿ ಅಂಗಿ, ಕೈಯಲ್ಲಿ ಕಿರೀಟದ ಗುರುತಿನ ರೋಲೆಕ್ಸ್. ಅವರನ್ನು ಯಾರೂ ಬೆಲೆ ಕೇಳಲಿಲ್ಲ. ಅವರೇ ಹೇಳಿದರು: "ಒಂಬತ್ತೂವರೆ ಲಕ್ಷ. ಹತ್ತು ಲಕ್ಷ ದಾಟಿದ್ರ ಒಂದು ಪರ್ಸೆಂಟ್ ಟಿಸಿಎಸ್ ಹಿಡೀತಾರ್ರಿ, ಅದಕ್ಕೇ ಇದು ತಗೊಂಡೆ." ಅಂಗಡಿಯವರೇ ಗಿರಾಕಿಯಿಂದ ತೆರಿಗೆ ಹಿಡಿಯುವ ಆ ನಿಯಮ ಖರೆ, 2025ರ ಏಪ್ರಿಲ್ 22ರಿಂದ ಜಾರಿಯಲ್ಲಿದೆ. ಸೆಕ್ಷನ್ ತಲೆದೂಗಿತು. ರೆಕಾರ್ಡ್ ರೂಮಿನವರು ಕುರ್ಚಿ ಎಳೆದುಕೊಟ್ಟರು. ನಾನೊಬ್ಬ ಅವರ ಸೆಕೆಂಡ್ ಮುಳ್ಳು ನೋಡುತ್ತಿದ್ದೆ. ಟಕ್, ಟಕ್, ಟಕ್. ಅದರ ಒಳಗೆ ಸೆಲ್ ಇತ್ತು. ಹೇಳೋಣ ಎಂದು ಬಾಯಿ ತೆರೆದೆ. ಯಾರು ಹೇಳುತ್ತಿದ್ದಾರೆ ಎಂದು ನೋಡಿಕೊಂಡು ಮುಚ್ಚಿದೆ.

ಮೊನ್ನೆ ನನ್ನ ವಾಚು ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿತು. ಸೂಪರ್ ಮಾರ್ಕೆಟ್ ಹತ್ತಿರ ಗೋಡೆಗೆ ಆನಿಸಿದ ಸಣ್ಣ ಗಾಜಿನ ಪೆಟ್ಟಿಗೆಯ ಹಿಂದೆ ಕೂರುವ ಚಾಚಾನ ಬಳಿ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದೆ ಮುಂದೆ ತಿರುಗಿಸಿದರು. ದಿಕ್ಸೂಚಿ ಹತ್ತಿರ ಹಿಡಿದರು. ಅದರ ಮುಳ್ಳು ಹೊಯ್ದಾಡಿತು. "ಸ್ಪೀಕರ್ ಬಾಜೂ ಇಟ್ಟಿದ್ರಿ ಏನ್ ಸಾಬ್? ಸ್ಪ್ರಿಂಗಿಗಿ ಮ್ಯಾಗ್ನೆಟ್ ಹಿಡದದ." ಮಗನ ಸ್ಪೀಕರೇ ಸರಿ. ಒಂದು ಸಣ್ಣ ಮಷಿನ್ನಿನ ಮೇಲೆ ವಾಚಿಟ್ಟು ಬಟನ್ ಒತ್ತಿದರು, ಮುಗಿಯಿತು. ಐವತ್ತು ರೂಪಾಯಿ.

"ಮಾಲ್ ಖರೇ ಅದ" ಎಂದರು ಚಾಚಾ.

ಅಳು ಬರುವುದೊಂದು ಬಾಕಿ. "ಇದನ್ನ ಒಂದು ಚೀಟಿಯೊಳಗ ಬರದು ಕೊಡ್ರಿ ಚಾಚಾ" ಎಂದೆ. ಅವರು ನಕ್ಕು, ನಾಲ್ಕೈದು ವರ್ಷಕ್ಕೊಮ್ಮೆ ಇದನ್ನು ಪೂರಾ ಬಿಚ್ಚಿ ಎಣ್ಣೆ ಹಾಕಿಸಬೇಕು, ಅದಕ್ಕೆ ಕಂಪನಿಗೇ ಕಳಿಸಬೇಕು ಎಂದು ಅಂದಾಜು ಖರ್ಚು ಹೇಳಿದರು. ಕ್ವಿಂಟಲ್ ಲೆಕ್ಕದಲ್ಲಿ ಎಷ್ಟು ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದಾಗ ಬಿಳಿ ಕಾರು ಬಂದು ನಿಂತಿತು.

ಗುತ್ತಿಗೆದಾರರು ಇಳಿದು, "ಚಾಚಾ, ಇದಕ್ಕೊಂದು ಸೆಲ್ ಹಾಕ್ರಿ" ಎಂದು ರೋಲೆಕ್ಸ್ ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟರು. ಆಮೇಲೆ ನನ್ನನ್ನು ನೋಡಿದರು. ಮುಖ ಸಣ್ಣದಾಗುತ್ತದೆ ಎಂದು ಕಾದೆ. ಆಗಲಿಲ್ಲ. ನನ್ನ ವಾಚು ನೋಡಿ ಅವರ ಮುಖದಲ್ಲಿ ಕನಿಕರ ಮೂಡಿತು. ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದೊಯ್ದರು.

"ಸರ್, ನಿಮಗೂ ಒಂದು ತರಸ್ಲೇನು? ಚಾರ್‌ಮಿನಾರ್ ಕಡಿ ನಮ್ಮ ಹುಡುಗ ಇದ್ದಾನ. ಎರಡೂವರಿ ಸಾವಿರ. ಬಿಸಲಿಗಿ ಏನೂ ಆಗಂಗಿಲ್ಲ, ತೂಗೂ ಕೆಲಸಾ ಇಲ್ಲ. ಲಗ್ನಕ್ಕ ಹೋದ್ರ ಮಂದಿ ನೋಡ್ಬೇಕಲ್ರಿ!"

ಹೆಚ್ಚಾಯ್ತು ಎಂದೆ. ಎರಡಕ್ಕೆ ಒಪ್ಪಿದರು. ಡಯಲ್ ನೀಲಿ ಇರಲಿ ಎಂದು ಹೇಳಿದ್ದೇನೆ.