ಹತ್ತು ಗಂಟೆಗೆ ಸೌಂಡ್ ಆಫ್ ಮಾಡಿಸ್ತಾರೆ ಅಂತ ಗೊತ್ತಿರಲಿಲ್ವಾ?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಇದು ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇಲ್ಲದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ.

ನನ್ನ ರಾಕ್ ಹುಚ್ಚು ನಿಮಗೆ ಗೊತ್ತಿದ್ದದ್ದೇ. ನಮ್ಮ ಕಾಲದಲ್ಲಿ ಕಾಲೇಜು ಫೆಸ್ಟ್‌ಗಳಲ್ಲಿ ಡೀಪ್ ಪರ್ಪಲ್, ಡೈರ್ ಸ್ಟ್ರೈಟ್ಸ್ ನುಡಿಸುತ್ತಿದ್ದ ಹುಡುಗರ ಬ್ಯಾಂಡ್ ಮತ್ತೆ ಒಟ್ಟಾಗಿ ಬರ್ತಿದೆ ಅಂದಾಗ ರೇಟ್ ಕೂಡ ನೋಡದೆ ಟಿಕೆಟ್ ತಗೊಂಡೆ. (ಹುಡುಗರು ಅಂದೆ ಅಲ್ವಾ? ಎಲ್ಲರಿಗೂ ಅರವತ್ತರ ಹತ್ತಿರ.) ಹಾಡೋನು ಇದಕ್ಕೆ ಅಂತಲೇ ಅಮೆರಿಕದಿಂದ ಬಂದಿದ್ದ. "ಮಂಡಿ ನೋವು ಅಂತ ದೇವಸ್ಥಾನದ ಮೆಟ್ಟಿಲು ಹತ್ತಲ್ಲ, ಅಲ್ಲಿ ಅಷ್ಟೊತ್ತು ನಿಲ್ತೀರಾ?" ಅಂದಳು ನನ್ನ ಹೆಂಡತಿ. ಪ್ಯಾಂಟಿನೊಳಗೆ ನೀ ಕ್ಯಾಪ್, ಮೇಲೆ ಹೊಟ್ಟೆಗೆ ಬಿಗಿಯಾದ ಹಳೇ ಕಪ್ಪು ಟೀ ಶರ್ಟ್. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಾಯಿಸಿ, ವೈಟ್‌ಫೀಲ್ಡ್ ಕಡೆ ಹೊರಟೆ.

ಟಿಕೆಟ್ ಮೇಲೆ ಆರು ಗಂಟೆ ಅಂತ ಇತ್ತು. ಆರಕ್ಕೆ ಬಂದಿದ್ದು ಆ್ಯಂಕರ್. "ಬೆಂಗಳೂರೂ, ಕೇಳಿಸ್ತಿಲ್ಲಾ!" ಅಂತ ಶುರು ಮಾಡಿದ ಪುಣ್ಯಾತ್ಮನಿಗೆ ನಾವು ಎಷ್ಟು ಕೂಗಿದರೂ ಕೇಳಿಸಲೇ ಇಲ್ಲ. ಆಮೇಲೆ ಡಿಜೆ. ಆಮೇಲೆ ಸ್ಟೇಜ್ ಪಕ್ಕ ನಿಲ್ಲಿಸಿದ್ದ ಕಾರಿನ ಗುಣಗಾನ. ಆಮೇಲೆ ಲಕ್ಕಿ ಡ್ರಾ, ಅದರಲ್ಲಿ ಗೆದ್ದವರು ಬೀರ್ ಕ್ಯೂನಲ್ಲಿ ಇದ್ದರಂತೆ, ಅವರು ಬರೋವರೆಗೂ ಕಾಯೋದು. ಆಮೇಲೆ ರೀಲ್ಸ್ ಮಾಡೋ ಒಬ್ಬಳು ಹುಡುಗಿ ಬಂದು ನಮ್ಮನ್ನೆಲ್ಲ ಹಿಂದೆ ಇಟ್ಟುಕೊಂಡು ಸೆಲ್ಫಿ ತೆಗೆದುಕೊಂಡಳು, ಸರಿ ಬಂದಿಲ್ಲ ಅಂತ ಇನ್ನೊಂದು. ರಿಸೆಪ್ಷನ್‌ನಲ್ಲಿ ಫೋಟೋ ಮುಗಿಯೋದರೊಳಗೆ ಊಟದ ಹಾಲ್ ಖಾಲಿ ಆಗುತ್ತಲ್ಲ, ಹಾಗೆ. ಬ್ಯಾಂಡ್ ಸ್ಟೇಜಿಗೆ ಬಂದಾಗ ಎಂಟೂ ಮುಕ್ಕಾಲು.

ಬಂದ ಮೇಲೆ ಮಾತ್ರ ಏನು ಹೇಳಲಿ. ಗಿಟಾರ್‌ನವನು ಕುತ್ತಿಗೆಗೆ ದಾರ ಕಟ್ಟಿ ಓದೋ ಕನ್ನಡಕ ತೂಗುಹಾಕಿಕೊಂಡಿದ್ದ. ಪ್ರತಿ ಹಾಡು ಮುಗಿದ ಮೇಲೆ ಅದನ್ನು ಏರಿಸಿ, ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದ ಹಾಡಿನ ಪಟ್ಟಿಯನ್ನು ಬಗ್ಗಿ ನೋಡೋನು. ಆಮೇಲೆ ಕನ್ನಡಕ ಇಳಿಸಿ ಕಣ್ಣು ಮುಚ್ಚಿ ನುಡಿಸೋನು. ಕೈ ಒಂಚೂರೂ ಜಂಗು ಹಿಡಿದಿರಲಿಲ್ಲ. ಪಕ್ಕದಲ್ಲಿದ್ದ ಬೋಳು ತಲೆಯ ಅಪರಿಚಿತರೊಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿ ಹಾಡ್ತಿದ್ದರು. ನಾನು ಅತ್ತೆ ಕಣ್ರೀ, ನಗಬೇಡಿ.

ಸರಿಯಾಗಿ ಹತ್ತಕ್ಕೆ, ಸೋಲೋ ನಡುವೆ, ಸೌಂಡ್ ಆಫ್. ಡ್ರಮ್ಮರ್ ಮೈಕ್ ಇಲ್ಲದೆ ಇನ್ನೂ ಸ್ವಲ್ಪ ಹೊತ್ತು ಬಾರಿಸಿದ. ಇನ್ಸ್‌ಪೆಕ್ಟರ್ ವಾಚ್ ತೋರಿಸಿದರು. ಮುಗೀತು. ಪಟ್ಟಿಯಲ್ಲಿ ಇನ್ನೂ ನಾಲ್ಕು ಹಾಡು ಇದ್ದವಂತೆ.

ಪೊಲೀಸರನ್ನು ಬೈಯೋರು ಬೈತಿದ್ದಾರೆ, ನಾನಂತೂ ಬೈಯಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ ಅನ್ನೋದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ವರ್ಷಕ್ಕೆ 15 ದಿನ ಮೀರದ ಹಾಗೆ, ಹಬ್ಬಕ್ಕೋ ಸಾಂಸ್ಕೃತಿಕ ಉತ್ಸವಕ್ಕೋ ಸರ್ಕಾರ 12ರವರೆಗೆ ಸಡಿಲಿಸಬಹುದು, ಅಷ್ಟೇ. ನನ್ನ ಮನೆ ಹಿಂದೆ ಕಲ್ಯಾಣ ಮಂಟಪ ಇದೆ, ಆ ನಿಯಮದ ಬೆಲೆ ನನಗೆ ಗೊತ್ತು. ನಿನ್ನೆ ಮೊನ್ನೆ ಬಂದ ರೂಲ್ ಅಲ್ಲ ಸ್ವಾಮಿ ಇದು! ಶೋ ಮಾಡೋದೇ ಕಸುಬಾಗಿರೋರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಗೊತ್ತಿದ್ದೂ ಎರಡೂ ಮುಕ್ಕಾಲು ಗಂಟೆ ಕಾರಿಗೆ, ಸೆಲ್ಫಿಗೆ ಕೊಟ್ಟರು.

"ಸ್ಪಾನ್ಸರ್ ಇಲ್ಲದೆ ಶೋ ಹೇಗೆ ಮಗಾ?" ಅಂತ ಬೆಳಿಗ್ಗೆಯೇ ಗೆಳೆಯನೊಬ್ಬ ಫೋನ್ ಮಾಡಿ ಬುದ್ಧಿ ಹೇಳಿದ. ನಿಜ, ಬೇಕು. ಬ್ಯಾನರ್ ಹಾಕಲಿ, ಕೈಗೆ ಕಟ್ಟೋ ಪಟ್ಟಿ ಮೇಲೆ ಹಾಕಲಿ, ಟಾಯ್ಲೆಟ್ ಬಾಗಿಲಿಗೂ ಹಾಕಲಿ, ನಾನೇ ನಿಂತು ಓದ್ತೀನಿ. ಆದರೆ ಬ್ಯಾಂಡಿನ ಟೈಮ್ ಯಾಕೆ ತಿನ್ನಬೇಕು? ನಾನು ಟಿಕೆಟ್ ತಗೊಂಡಿದ್ದು ಕಾರ್ ನೋಡೋಕಾ? ಅದನ್ನು ಶೋರೂಮಲ್ಲಿ ಫ್ರೀಯಾಗಿ ತೋರಿಸ್ತಾರೆ, ಕಾಫಿನೂ ಕೊಡ್ತಾರೆ.

ಕಷ್ಟ ಅಂತ ಗೊಣಗೋ ಜಾತಿ ಅಲ್ಲ ನಾನು. 2007ರಲ್ಲಿ ಐರನ್ ಮೇಡನ್ ಬಂದಾಗ ಅರಮನೆ ಮೈದಾನದಲ್ಲಿ ಬೆವರಲ್ಲಿ ಮಿಂದಿದ್ದೆ. 2011ರಲ್ಲಿ ಮೆಟಾಲಿಕಾದವರ ಗುರುಗ್ರಾಮದ ಶೋ ರದ್ದಾಗಿ, ಇಲ್ಲಿಯದ್ದೂ ಆಗುತ್ತೋ ಇಲ್ಲವೋ ಅಂತ ಹೆದರಿಕೊಂಡೇ ಹೋಗಿದ್ದೆವು. ಅದೇ ಮೈದಾನದ ಕೆಸರಲ್ಲಿ ಶೂ ಹಾಳಾಯ್ತು. ಯಾರೂ ತಕರಾರು ಮಾಡಲಿಲ್ಲ, ಯಾಕೆಂದರೆ ಬಂದರು, ನುಡಿಸಿದರು. ಹುಡುಗರಿಗಾದರೆ ಮುಂದಿನ ವರ್ಷ ಇನ್ನೊಂದು ಶೋ ಇರುತ್ತೆ. ಈ ನಾಲ್ವರನ್ನು ಒಂದೇ ಸ್ಟೇಜ್ ಮೇಲೆ ಮತ್ತೆ ಯಾರು ಕೂಡಿಸ್ತಾರೆ? ಒಬ್ಬನಿಗೆ ಆಗಲೇ ಸ್ಟೆಂಟ್ ಹಾಕಿದೆಯಂತೆ.

ಆಯೋಜಕರಿಗೆ ರಾತ್ರಿಯೇ ಮೇಲ್ ಹಾಕಿದ್ದೆ, ಬ್ಯಾಂಡ್ ಎಷ್ಟು ಗಂಟೆಗೆ ಸ್ಟೇಜ್ ಹತ್ತುತ್ತೆ ಅಂತ ಇನ್ಮೇಲೆ ಟಿಕೆಟ್ ಮೇಲೆ ಅಚ್ಚು ಹಾಕಿ ಅಂತ. ಈಗ ಉತ್ತರ ಬಂತು. ನನ್ನ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದವಂತೆ, ಮುಂದಿನ ತಿಂಗಳ ಡಿಜೆ ನೈಟ್‌ಗೆ ಡಿಸ್ಕೌಂಟ್ ಕೂಪನ್ ಅಂತೆ. ಯಾರಿಗಾದರೂ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.